ನಮ್ಮ ಸೀಮೆಯಲ್ಲಿ ತಿರುಗಾಡಲು ಏನಿದೆ ಎನ್ನುವವರಿಗೆ

“ರಾಯಚೂರಾಗ ನೋಡಾಕ ಏನೈತ್ರಿ ಸರ್?”

ಈ ಪ್ರಶ್ನೆಯನ್ನು ಹೊರಗಿನವರು ಕೇಳಿದರೆ ನನಗೆ ಬೇಸರವಿಲ್ಲ. ಅವರಿಗೆ ನಮ್ಮ ಜಿಲ್ಲೆಯೆಂದರೆ ಉರಿಬಿಸಿಲು, ಶಕ್ತಿನಗರದ ಚಿಮಣಿಗಳ ಹೊಗೆ, ಮುಂಬಯಿ–ಚೆನ್ನೈ ಮಾರ್ಗದಲ್ಲಿ ರೈಲು ಕೆಲವು ನಿಮಿಷ ನಿಲ್ಲುವ ಒಂದು ಸ್ಟೇಷನ್ನು, ಅಷ್ಟೇ. ಆದರೆ ಇದೇ ಮಣ್ಣಿನಲ್ಲಿ ಹುಟ್ಟಿ, ನನ್ನ ಬಳಿಯೇ ಸಮಾಜ ವಿಜ್ಞಾನದ ಪಾಠ ಕೇಳಿ, ಇಂದು ಬೆಂಗಳೂರು, ಹೈದರಾಬಾದು, ಅಮೆರಿಕಗಳಲ್ಲಿ ನೆಲೆಸಿರುವ ನೀವು ಇದೇ ಮಾತನ್ನು ಆಡಿದಾಗ ಸಿಟ್ಟು ಬರುತ್ತದೆ. ದೇವದುರ್ಗ, ಮಾನ್ವಿ, ರಾಯಚೂರುಗಳ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದವನ ಸಿಟ್ಟು ಇದು. ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಿಮ್ಮಲ್ಲಿ ಅನೇಕರು ಈಗ ಚಾರಣಪ್ರಿಯರಾಗಿದ್ದೀರಿ. ಕೆಲವರು ಸಾವಿರಾರು ರೂಪಾಯಿಯ ಗೇರಿನ ಸೈಕಲ್ಲನ್ನೂ ಕೊಂಡಿದ್ದೀರಿ. ಸಂತೋಷ. ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಬೆಳಗಾಗುವಷ್ಟರಲ್ಲಿ ಪಶ್ಚಿಮಘಟ್ಟದ ಯಾವುದೋ ಶಿಖರದ ಬುಡದಲ್ಲಿ ಇಳಿದಿರುತ್ತೀರಿ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿ, ಕಾಡಿನ ದಾರಿಯಲ್ಲಿ ಜಾತ್ರೆಯ ಸಾಲಿನಂತೆ ನಿಂತ ಚಿತ್ರಗಳು ಪತ್ರಿಕೆಗಳಲ್ಲಿ ಬಂದದ್ದು ನೆನಪಿರಬಹುದು. ಅದಾದ ಮೇಲೆ ಸರ್ಕಾರ, ಆನ್‌ಲೈನಿನಲ್ಲಿ ಮುಂಗಡವಾಗಿ ಹೆಸರು ಬರೆಸದೆ ಚಾರಣವಿಲ್ಲವೆಂಬ ಕಟ್ಟಳೆ ಮಾಡಬೇಕಾಯಿತು. ನಿಸರ್ಗವನ್ನು ನೋಡಲು ಟೋಕನ್ ಪಡೆದು ಸಾಲಿನಲ್ಲಿ ನಿಲ್ಲುವ ಕಾಲ! ಆ ಬೆಟ್ಟಗಳು ಸುಂದರವಾಗಿವೆ, ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಇಷ್ಟೇ: ಕಾಲ್ನಡಿಗೆಯ ಸುಖ, ಸೈಕಲ್ ಸವಾರಿಯ ಸುಖವೆಂಬುದು ಐದಾರುನೂರು ಕಿಲೋಮೀಟರು ಬಸ್ಸಿನಲ್ಲಿ ಹೋಗಿ ಇನ್ನೊಬ್ಬರ ಅಂಗಳದಲ್ಲಿ ಪಡೆಯಬೇಕಾದ ವಸ್ತು ಎಂದು ನೀವು ನಂಬಿದ್ದೀರಲ್ಲ, ಅದು ತಪ್ಪು. ನೀವು ಹಾಗೆ ನಂಬಿದ್ದರಿಂದಲೇ ಇಲ್ಲಿ ಉಳಿದಿರುವ ಮಕ್ಕಳಿಗೆ ನಡೆಯಲು, ಸೈಕಲ್ ತುಳಿಯಲು ಒಂದು ಮೊಳ ದಾರಿಯನ್ನು ಕೇಳುವವರು ಯಾರೂ ಇಲ್ಲವಾಗಿದ್ದಾರೆ.

ನಿಸರ್ಗವೆಂದರೆ ಹಸಿರು, ಹಸಿರೆಂದರೆ ಮಲೆನಾಡು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕನ್ನಡ ಪಠ್ಯಪುಸ್ತಕಗಳಲ್ಲಿ ಬರುವ ನಿಸರ್ಗವರ್ಣನೆ ಬಹುಮಟ್ಟಿಗೆ ಅಲ್ಲಿಯದೇ. ಸಿನಿಮಾ ಹಾಡುಗಳೂ ಜೋಗ, ಆಗುಂಬೆ, ಕೊಡಗುಗಳನ್ನು ಬಿಟ್ಟು ಅತ್ತಿತ್ತ ಸರಿದದ್ದು ಕಡಿಮೆ. ಹೀಗಾಗಿ ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇರುವ ನಮ್ಮ ಎಡೆದೊರೆ ನಾಡು ನಮ್ಮ ಕಣ್ಣಿಗೇ ಬರಡಾಗಿ ಕಾಣುತ್ತದೆ. ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಮಾನ್ವಿಯ ಹೊರವಲಯದಲ್ಲಿ ಅರ್ಧ ತಾಸು ನಡೆದು ನೋಡಿ. ಒಂದು ಮಗ್ಗುಲಿಗೆ ಎರೆಹೊಲದಲ್ಲಿ ಆಳೆತ್ತರ ನಿಂತ ಜೋಳ, ಇನ್ನೊಂದು ಮಗ್ಗುಲಿಗೆ ಒಡೆದ ಹತ್ತಿ, ನಡುವೆ ಮಸಾರಿ ನೆಲದ ತೊಗರಿ, ದೂರದಲ್ಲಿ ಯಾರೋ ಕೈಯಿಂದ ಒಟ್ಟಿಟ್ಟಂತಿರುವ ಬಂಡೆಗಲ್ಲಿನ ಗುಡ್ಡಗಳು. ಆ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಹಿಮಾಲಯ ಅದರ ಮುಂದೆ ನಿನ್ನೆ ಮೊನ್ನೆಯ ಕೂಸು. ಅದನ್ನು ನೋಡಲು ಟೋಕನ್ ಬೇಕಿಲ್ಲ.

ಈ ನಾಡನ್ನು ನಿಜವಾಗಿ ಕಂಡವರೆಲ್ಲ ನೆಲಕ್ಕೆ ಕಾಲೂರಿ ಸುತ್ತಿದವರು. 1915ರಲ್ಲಿ ನಿಜಾಮ್ ಸಂಸ್ಥಾನದ ಗಣಿ ಇಂಜಿನಿಯರ್ ಬೀಡನ್ ಚಿನ್ನದ ಅದಿರು ಹುಡುಕುತ್ತ ಮಸ್ಕಿಯ ಗುಡ್ಡ ಸುತ್ತುತ್ತಿದ್ದಾಗ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡ. ‘ದೇವಾನಾಂಪ್ರಿಯ’ನೆಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಇದ್ದ ಶಾಸನ ಅದು. ಅಲ್ಲಿಯವರೆಗೆ ದೇವಾನಾಂಪ್ರಿಯನೇ ಅಶೋಕನೆನ್ನಲು ಶಾಸನದ ನೇರ ಆಧಾರವಿರಲಿಲ್ಲ. ಭಾರತದ ಇತಿಹಾಸದ ಒಂದು ದೊಡ್ಡ ಗಂಟು ನಮ್ಮ ಜಿಲ್ಲೆಯ ಗುಡ್ಡದಲ್ಲಿ ಬಿಚ್ಚಿಕೊಂಡಿತು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಆಲ್ಚಿನ್ ಎಂಬ ಇಂಗ್ಲಿಷ್ ವಿದ್ವಾಂಸ ನವಶಿಲಾಯುಗದ ದನಗಾಹಿಗಳ ನೆಲೆಯನ್ನು ಅಗೆದು ತೆಗೆದ. ನಮ್ಮವರೆಷ್ಟು ಜನ ಅಲ್ಲಿಗೆ ಹೋಗಿದ್ದೀರಿ? ಅಷ್ಟು ದೂರವೇಕೆ, ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿರುವ 41 ಅಡಿ ಉದ್ದದ ಒಂದೇ ಕಲ್ಲನ್ನು ನಿಂತು ನೋಡಿದವರೆಷ್ಟು? 1294ರಲ್ಲಿ ಕಾಕತೀಯರ ಕಾಲಕ್ಕೆ ಕೋಟೆ ಕಟ್ಟಿಸಿದ ವಿಷಯ ಅದರ ಮೇಲಿದೆ. ಆ ಕಲ್ಲನ್ನು ಬಂಡಿಗೆ ಹೇರಿ, ಸಾಲುಸಾಲು ಕೋಣಗಳನ್ನು ಹೂಡಿ ಎಳೆದು ತಂದ ಬಗೆಯನ್ನೂ ಗೋಡೆಯ ಮೇಲೆ ಕೆತ್ತಿದ್ದಾರೆ. ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟೇ ದೂರ. ಬಿ.ಎಡ್. ಓದುವಾಗ ‘ತಿಳಿದುದರಿಂದ ತಿಳಿಯದುದರ ಕಡೆಗೆ’ ಎಂಬ ಬೋಧನಾ ಸೂತ್ರವನ್ನು ನಮಗೆ ಬಾಯಿಪಾಠ ಮಾಡಿಸಿದರು. ಶಾಲೆಗಳಲ್ಲಿ ನಡೆಯುವುದು ಅದರ ತಿರುವುಮುರುವು: ಮಕ್ಕಳನ್ನು ರಾತ್ರಿಯಿಡೀ ಬಸ್ಸಿನಲ್ಲಿ ಕೂಡಿಸಿ, ಮೈಸೂರಿನ ಅರಮನೆಯನ್ನು ಒಂದು ತಾಸು, ನೀರಾಟದ ಪಾರ್ಕನ್ನು ಆರು ತಾಸು ತೋರಿಸಿ ಕರೆತರುವುದಕ್ಕೆ ಶೈಕ್ಷಣಿಕ ಪ್ರವಾಸವೆಂದು ಹೆಸರು.

ನಡಿಗೆಯ ಸುಖ ನಮಗೆ ವಿದೇಶದಿಂದ ಬಂದದ್ದೂ ಅಲ್ಲ. ಚೀಕಲಪರ್ವಿಯ ವಿಜಯದಾಸರು (1682–1755) ಕಾಶಿಯವರೆಗೆ ಹೋಗಿ ಬಂದವರು. ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು (1728–1809) ಊರೂರು ಸುತ್ತಿದವರು. ಇವೆರಡೂ ಹಳೆಯ ಮಾನ್ವಿ ತಾಲ್ಲೂಕಿನ ಊರುಗಳೇ. ಇಂದಿಗೂ ಯುಗಾದಿಯ ಹೊತ್ತಿಗೆ ಕಂಬಿ ಹೊತ್ತ ಭಕ್ತರು ಸುಡು ಬಿಸಿಲಿನಲ್ಲಿ ನಮ್ಮ ಜಿಲ್ಲೆಯನ್ನು ಹಾಯ್ದು ಶ್ರೀಶೈಲಕ್ಕೆ ನಡೆಯುತ್ತಾರೆ. ದಾರಿಯುದ್ದಕ್ಕೂ ಊರಿನವರು ಮಜ್ಜಿಗೆ, ಅಂಬಲಿ ಇಟ್ಟುಕೊಂಡು ಕಾಯುತ್ತಾರೆ. ದೂರದ ದಾರಿ ನಡೆಯುವವನಿಗೆ ನೆರಳು, ನೀರು, ಊಟ, ತಂಗುವ ಜಾಗ ಒದಗಿಸುವ ಪದ್ಧತಿಯನ್ನು ಯುರೋಪಿನವರು ಈಗ ಪ್ರವಾಸೋದ್ಯಮ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ದಾಸೋಹವೆಂಬ ಹೆಸರು ಮೊದಲೇ ಇತ್ತು.

ಅದು ಭಕ್ತಿ, ವಿನೋದವಲ್ಲ ಎನ್ನುತ್ತೀರಾ? ಹಾಗಾದರೆ ಎಳ್ಳಮಾಸಿಯನ್ನು ನೆನಪಿಸಿಕೊಳ್ಳಿ. ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿಪಲ್ಯ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು, ಎತ್ತಿನ ಬಂಡಿಯಲ್ಲೋ ನಡೆದೋ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬನ್ನಿಯ ಗಿಡದ ಬುಡದಲ್ಲಿ ಕುಳಿತು ಉಂಡು, ಸಂಜೆಯವರೆಗೆ ಹೊಲದಿಂದ ಹೊಲಕ್ಕೆ ಅಲೆದು ಬರುವುದು ವಿನೋದವಲ್ಲದೆ ಮತ್ತೇನು? ಅಂದು ಹೊಲವಿಲ್ಲದವರನ್ನೂ ಕರೆದು ಉಣ್ಣಿಸುತ್ತಿದ್ದರು. ಭೂಮಿ ದುಡಿಮೆಗೆ ಮಾತ್ರವಲ್ಲ, ನೋಡಿ ಸಂತೋಷಪಡುವುದಕ್ಕೂ ಇದೆ ಎಂಬುದು ಯಾವ ಜಾಹೀರಾತಿನ ನೆರವೂ ಇಲ್ಲದೆ ನಮ್ಮ ಹಿರಿಯರಿಗೆ ಗೊತ್ತಿತ್ತು.

ಇನ್ನು ಸೈಕಲ್ಲಿನ ಮಾತು. ನಮ್ಮ ಕಾಲಕ್ಕೆ ತಾಸಿಗೆ ಇಷ್ಟು ಪೈಸೆಯೆಂದು ಬಾಡಿಗೆ ಕೊಟ್ಟು ತರುತ್ತಿದ್ದ ಅಟ್ಲಾಸ್, ಹೀರೋ ಸೈಕಲ್ಲುಗಳ ನೆನಪು ನಿಮ್ಮ ತಂದೆತಾಯಿಗಳಿಗೆ ಇರುತ್ತದೆ. (ವಿಶ್ವಸಂಸ್ಥೆ ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ಘೋಷಿಸಿದೆ. 2020ರ ಅದೇ ಜೂನ್ 3ರಂದು ಅಟ್ಲಾಸ್ ಕಂಪನಿ ತನ್ನ ಸಾಹಿಬಾಬಾದ್ ಕಾರ್ಖಾನೆಯನ್ನು ಮುಚ್ಚಿತು. ವಿಧಿಯ ವ್ಯಂಗ್ಯವೆಂದರೆ ಇದೇ ಇರಬೇಕು.) 2006–07ರಿಂದ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿತು. ಎಷ್ಟೋ ಯೋಜನೆಗಳನ್ನು ಕಂಡಿದ್ದೇನೆ. ಆದರೆ ಒಂದು ಯೋಜನೆ ಮಕ್ಕಳ ಮುಖವನ್ನೇ ಬದಲಿಸಿದ್ದನ್ನು ಅದೊಂದರಲ್ಲಿ ಮಾತ್ರ ನೋಡಿದೆ. 2002ರ ನಂಜುಂಡಪ್ಪ ಸಮಿತಿಯ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿದ್ದದ್ದು ನಮ್ಮ ದೇವದುರ್ಗ. ಅಲ್ಲಿಯ ಹಳ್ಳಿಯ ಹೆಣ್ಣುಮಕ್ಕಳು ಗುಂಪಾಗಿ ಗಂಟೆ ಬಾರಿಸುತ್ತ ಶಾಲೆಗೆ ಬರುವುದನ್ನು ನೋಡಿದವರಿಗೆ ಗೊತ್ತು.

ಆಗೊಮ್ಮೆ ಒಂದು ಭಾನುವಾರ ಈ ಮಕ್ಕಳನ್ನು ಅವರವರ ಸೈಕಲ್ಲಿನ ಮೇಲೆಯೇ ಗಬ್ಬೂರಿಗೆ ಕರೆದೊಯ್ದು ಅಲ್ಲಿಯ ಹಳೆಯ ದೇವಾಲಯಗಳನ್ನೂ ಶಾಸನಗಳನ್ನೂ ತೋರಿಸಿ ಬರೋಣವೆಂದು ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಪ್ರಸ್ತಾಪ ಇಟ್ಟೆ. ಇಬ್ಬರು ಸಹೋದ್ಯೋಗಿಗಳು, ಒಬ್ಬ ಅಕ್ಕೋರು, ಜೊತೆಗೆ ಬರಲು ಒಪ್ಪಿದ್ದರು. ಮೇಲಿನವರಿಂದ ಬಂದ ಉತ್ತರ ಈಗಲೂ ಕಿವಿಯಲ್ಲಿದೆ: “ಸರ್ಕಾರ ಸೈಕಲ್ ಕೊಟ್ಟದ್ದು ಸಾಲಿಗೆ ಬರಾಕ. ತಿರುಗಾಡಾಕಲ್ರೀ ಮಾಸ್ತರ.”

ತಿರುಗಾಡಲಿಕ್ಕಲ್ಲ! ನಮ್ಮ ಸೀಮೆಯ ಮಕ್ಕಳ ಬಗ್ಗೆ ದೊಡ್ಡವರ ಧೋರಣೆಯೆಲ್ಲ ಈ ಒಂದು ಮಾತಿನಲ್ಲಿದೆ. ಬಡವರ ಮಗುವಿಗೆ ಕೊಟ್ಟ ಸೈಕಲ್ಲು ಹಾಜರಿ ಹೆಚ್ಚಿಸಬೇಕು, ಫಲಿತಾಂಶ ಹೆಚ್ಚಿಸಬೇಕು. ಸಂತೋಷ ಕೊಡಕೂಡದು. ಅದೇ ಸೈಕಲ್ಲನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗು ತುಳಿದರೆ ಅದು ವ್ಯಾಯಾಮ, ವ್ಯಕ್ತಿತ್ವ ವಿಕಸನ. ಕೋವಿಡ್ ಬಂದ 2020ರ ನಂತರ ಆ ಯೋಜನೆಯೇ ನಿಂತುಹೋಗಿ, ಹಲವು ವರ್ಷಗಳ ಮಕ್ಕಳು ಸೈಕಲ್ಲಿನ ಮುಖ ನೋಡದೆ ಹೈಸ್ಕೂಲು ದಾಟಿದರು. ಬೀದಿಗಿಳಿದು ಕೇಳಿದವರಾರು?

ರಸ್ತೆ ಅಪಾಯಕಾರಿ, ಮಕ್ಕಳನ್ನು ಸೈಕಲ್ಲಿನಲ್ಲಿ ಕಳಿಸುವುದು ಹೇಗೆ ಎಂಬುದು ತಾಯಂದಿರ ಪ್ರಶ್ನೆ. ಇದು ಹುಸಿ ಪ್ರಶ್ನೆಯಲ್ಲ. ರಾಯಚೂರಿನಿಂದ ದೇವದುರ್ಗ, ಮಾನ್ವಿಗಳು ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಗಟ್ಟಿಯಾದ ಹುಡುಗನಿಗೆ ಒಂದು ಬೆಳಗಿನ ಸವಾರಿ. ಆದರೆ ಆ ರಸ್ತೆಗಳ ಮೇಲೆ ಮರಳಿನ ಟಿಪ್ಪರ್, ಭತ್ತದ ಲಾರಿ, ಅವಸರದ ಬಸ್ಸುಗಳ ನಡುವೆ ಸೈಕಲ್ಲಿನವನಿಗೆ ಉಳಿಯುವುದು ಜಾಲಿಮುಳ್ಳಿನ ಪಕ್ಕದ ಒಂದು ಗೇಣು ಕಚ್ಚಾ ಅಂಚು. 2024ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದ ಬೆಳಿಗ್ಗೆಯೇ, ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲಾ ವಾಹನಕ್ಕೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ಪ್ರಾಣ ಬಿಟ್ಟರು. ಆ ದಿನ ಯಾರ ಹಾರವನ್ನೂ ಕೊರಳಿಗೆ ಹಾಕಿಸಿಕೊಳ್ಳುವ ಮನಸ್ಸು ನನಗಾಗಲಿಲ್ಲ. ಆ ಮಕ್ಕಳು ಸೈಕಲ್ಲಿನ ಮೇಲಿರಲಿಲ್ಲ, ಬಸ್ಸಿನೊಳಗಿದ್ದರು. ಸೈಕಲ್ ಬಿಡಿಸಿದರೆ ಮಗು ಸುರಕ್ಷಿತವೆಂದು ತಿಳಿಯಬೇಡಿ. ಹಾಲೆಂಡಿನಲ್ಲಿ 1971ರಲ್ಲಿ ರಸ್ತೆ ಅಪಘಾತಗಳಿಗೆ 3,000ಕ್ಕೂ ಹೆಚ್ಚು ಜನ ಬಲಿಯಾದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಲ್ಲಿಯ ತಾಯಿತಂದೆಯರು ಮಕ್ಕಳ ಕೈಯಿಂದ ಸೈಕಲ್ ಕಿತ್ತುಕೊಳ್ಳಲಿಲ್ಲ. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಬೀದಿಯಲ್ಲಿ ಕುಳಿತರು. ಇಂದು ಅಲ್ಲಿ ಊರಿಂದೂರಿಗೆ ಕಾಣುವ ಸೈಕಲ್ ದಾರಿಗಳ ಹಿಂದೆ ಆ ಸಿಟ್ಟಿನ ಪಾಲು ದೊಡ್ಡದು.

ನಮಗೆ ಹೊಸ ದಾರಿಯನ್ನು ಕಡಿಯುವ ಅಗತ್ಯವೂ ಇಲ್ಲ ಎಂಬುದೇ ನನ್ನ ಈ ಬರೆಹದ ಮುಖ್ಯ ಮಾತು. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದಿನ ಅಣೆಕಟ್ಟಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ಹಾಯ್ದು ರಾಯಚೂರು ತಾಲ್ಲೂಕಿನವರೆಗೆ ಸುಮಾರು 227 ಕಿಲೋಮೀಟರು ಹರಿಯುತ್ತದೆ. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆಯಿದೆ. ಇವುಗಳ ದಂಡೆಯ ಮೇಲೆ ಇಲಾಖೆಯ ಜೀಪು ಓಡಾಡಲೆಂದು ಮಾಡಿದ ದಾರಿಯಿದೆ. ಕೆಲವೆಡೆ ಗಟ್ಟಿಯಾಗಿದೆ, ಕೆಲವೆಡೆ ಕಂಟಿ ಬೆಳೆದು ಮುಚ್ಚಿದೆ. ಕಾಲುವೆ ಎಂದೂ ಕಡಿದಾದ ಏರು ಹತ್ತುವುದಿಲ್ಲ, ನೀರಿಗೆ ಅದು ಸಾಧ್ಯವಿಲ್ಲ. ಆದ್ದರಿಂದ ಅದರ ದಂಡೆಯೂ ಸಮತಟ್ಟು. ಹತ್ತು ವರ್ಷದ ಮಗುವೂ ಎಪ್ಪತ್ತು ವರ್ಷದ ಮುದುಕನೂ ಒಟ್ಟಿಗೆ ಸೈಕಲ್ ತುಳಿಯಬಹುದಾದ ನೆಲ. ಪಕ್ಕದಲ್ಲಿ ನೀರು, ಅದರಾಚೆ ಭತ್ತದ ಗದ್ದೆ, ಬೆಳ್ಳಕ್ಕಿಗಳ ಹಿಂಡು. ಲಾರಿಯ ಹಾರನ್ನಿಲ್ಲ. ಇನ್ನೇನು ಬೇಕು?

ಅಮೆರಿಕದಲ್ಲಿರುವ ನನ್ನ ಸೋದರಳಿಯ, “ಮಾಮಾ, ನೋಡ್ರಿ ಇಲ್ಲಿ ಎಂಥಾ ದಾರಿ ಮಾಡ್ಯಾರ” ಎಂದು ತನ್ನ ಸೈಕಲ್ ಪ್ರವಾಸದ ಚಿತ್ರಗಳನ್ನು ಕಳಿಸಿದ. ಪೋಟೋಮ್ಯಾಕ್ ನದಿಯ ಗುಂಟ ವಾಷಿಂಗ್ಟನ್ನಿನಿಂದ ಕಂಬರ್ಲೆಂಡಿನವರೆಗೆ ಸುಮಾರು 297 ಕಿಲೋಮೀಟರಿನ ದಾರಿ ಅದು. ಚಿತ್ರ ನೋಡಿ ನಾನು ನಕ್ಕೆ, ಏಕೆಂದರೆ ಅದೂ ಕಾಲುವೆಯ ದಂಡೆಯೇ! ಹೇಸರಗತ್ತೆಗಳು ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತ ನಡೆಯಲೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡಿದ ದಾರಿ. 1924ರ ಪ್ರವಾಹದ ನಂತರ ಕಾಲುವೆಯಲ್ಲಿ ದೋಣಿ ನಿಂತವು. ಮುಂದೆ ಅದರ ಮೇಲೆ ಮೋಟಾರು ರಸ್ತೆ ಮಾಡುವ ಯೋಜನೆ ಬಂತು. 1954ರ ಜನವರಿಯಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ಅದನ್ನು ಬೆಂಬಲಿಸಿ ಸಂಪಾದಕೀಯ ಬರೆಯಿತು. ಅಲ್ಲಿಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್, ಸಂಪಾದಕರೇ, ಬರೆಯುವ ಮುನ್ನ ನನ್ನ ಜೊತೆ ಆ ದಾರಿಯನ್ನು ನಡೆದು ನೋಡಿ ಎಂದು ಸವಾಲು ಹಾಕಿದರು. ಆ ಮಾರ್ಚ್ ತಿಂಗಳಲ್ಲಿ ನಡಿಗೆ ನಡೆದೇ ಬಿಟ್ಟಿತು. ಎಂಟು ದಿನ. ಹೊರಟವರು ಐವತ್ತಕ್ಕೂ ಹೆಚ್ಚು, ಪೂರ್ತಿ ಮುಗಿಸಿದವರು ನ್ಯಾಯಮೂರ್ತಿಗಳೂ ಸೇರಿ ಒಂಬತ್ತು ಜನ. ಪತ್ರಿಕೆ ತನ್ನ ಅಭಿಪ್ರಾಯ ಬದಲಿಸಿತು, 1971ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಈಗ ಕಂಬರ್ಲೆಂಡಿನಿಂದ ಮುಂದಕ್ಕೆ ಹಳೆಯ ರೈಲು ಹಾದಿಯನ್ನೂ ಜೋಡಿಸಿ ಪಿಟ್ಸ್‌ಬರ್ಗಿನವರೆಗೆ ಒಟ್ಟು ಸುಮಾರು 540 ಕಿಲೋಮೀಟರು, ಮೋಟಾರಿನ ಭಯವಿಲ್ಲದೆ ಸೈಕಲ್ ತುಳಿಯಬಹುದಂತೆ. ನಮ್ಮ ಜಿಲ್ಲೆಯಲ್ಲಿ ಕಾಲುವೆಯೂ ಇದೆ, ದಂಡೆಯೂ ಇದೆ. ನಡೆದು ನೋಡುವ ನ್ಯಾಯಮೂರ್ತಿಗಳು ಮಾತ್ರ ಇಲ್ಲ.

ಇದನ್ನು ನಾನು ಹೇಳಿದಾಗ ನೀರಾವರಿ ಬಲ್ಲ ಮಿತ್ರರೊಬ್ಬರು ತಲೆಯಾಡಿಸಿದರು. ಕಾಲುವೆಯ ಕೊನೆಯ ಭಾಗವಾದ ಮಾನ್ವಿ, ಸಿರವಾರ, ರಾಯಚೂರುಗಳ ರೈತರಿಗೆ ನೀರು ಮುಟ್ಟುವುದೇ ಕಷ್ಟ. ಮೇಲ್ಭಾಗದಲ್ಲಿ ಪಂಪು ಹಚ್ಚಿ ನೀರೆತ್ತುವವರನ್ನು ತಡೆಯಲು ದಂಡೆಯ ಮೇಲೆ ನಿಷೇಧಾಜ್ಞೆ ಹಾಕುವ ಪರಿಸ್ಥಿತಿ ಬರುತ್ತದೆ. ಅಂಥಲ್ಲಿ ಮಕ್ಕಳನ್ನು ಬಿಡಿ ಎಂದರೆ ಯಾರು ಬಿಡುತ್ತಾರೆ? ಸರಿ. ಆದರೆ ಸೈಕಲ್ಲಿನ ಹುಡುಗ ಹೆಗಲ ಮೇಲೆ ಪಂಪ್‌ಸೆಟ್ ಹೊತ್ತು ಹೋಗುವುದಿಲ್ಲ. ಜನ ಓಡಾಡುವ ದಂಡೆಯಲ್ಲಿ ಕದ್ದು ಪೈಪು ಇಳಿಸುವುದು ಇನ್ನೂ ಕಷ್ಟವೇ ಆದೀತು. ಕಾಲುಜಾರಿ ನೀರಿಗೆ ಬೀಳುವ ಭಯ ಮಾತ್ರ ನಿಜ. ಬಟ್ಟೆ ಒಗೆಯಲು ಹೋದ ತಾಯಂದಿರು, ಈಜಲು ಇಳಿದ ಹುಡುಗರು ಕಾಲುವೆಯ ಪಾಲಾದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅದಕ್ಕೆ ದಾರಿ ನೀರಿನಂಚಿನಿಂದ ಹಿಂದೆ ಸರಿದಿರಬೇಕು, ಊರು ಇರುವಲ್ಲಿ ತಡೆಕಂಬಿ, ಅಲ್ಲಲ್ಲಿ ಹಿಡಿದು ಹತ್ತಲು ಮೆಟ್ಟಿಲು, ಬೇವಿನ ಗಿಡಗಳ ಸಾಲು ಬೇಕು. ಇವೆಲ್ಲ ದಂಡೆಯ ಊರಿನವರಿಗೆ ಸೈಕಲ್ ಇರಲಿ ಬಿಡಲಿ ಎಂದೋ ಆಗಬೇಕಾಗಿದ್ದ ಕೆಲಸಗಳೇ. ಹೊಲಗಳ ನಡುವಣ ಬಂಡಿದಾರಿ, ಕಾಲುದಾರಿಗಳ ಕಥೆಯೂ ಹೀಗೆಯೇ. ಗ್ರಾಮ ನಕಾಶೆಯಲ್ಲಿ ಇನ್ನೂ ಚುಕ್ಕೆಗೆರೆಯಾಗಿವೆ, ನೆಲದ ಮೇಲೆ ಒತ್ತಿ ಉತ್ತುಬಿಟ್ಟಿದ್ದಾರೆ.

ಇನ್ನೊಂದು ಆಕ್ಷೇಪವಿದೆ, ಅದು ಹಗುರವಾದುದಲ್ಲ. “ನಡೆಯುವುದು ಬಡವರ ಹಣೆಬರಹ ಸರ್. ನೀವು ಪಿಂಚಣಿ ತಗೊಂಡು ಅದನ್ನ ಮೋಜು ಅಂತೀರಿ” ಎಂದು ನನ್ನ ವಿದ್ಯಾರ್ಥಿಯೇ, ಹೋರಾಟಗಳಲ್ಲಿ ತೊಡಗಿರುವವನು, ಮುಖಕ್ಕೆ ಹೇಳಿದ. ಗುಳೆ ಹೋಗುವ ಜಿಲ್ಲೆ ನಮ್ಮದು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಬೆಂಗಳೂರಿನಿಂದ ಊರಿನ ಕಡೆ ನಡೆಯುತ್ತ ಹೊರಟ ಸಿಂಧನೂರು ತಾಲ್ಲೂಕಿನ ಕೂಲಿ ಹೆಣ್ಣುಮಗಳೊಬ್ಬಳು ಮನೆ ಮುಟ್ಟದೆ ಬಳ್ಳಾರಿಯಲ್ಲಿ ಪ್ರಾಣ ಬಿಟ್ಟಳು. ಅದನ್ನು ಬಲ್ಲವನು ನಡಿಗೆಯನ್ನು ಹೊಗಳುವಾಗ ನಾಲಿಗೆ ಬಿಗಿಹಿಡಿಯಬೇಕೆಂಬುದು ಸತ್ಯ. ಆದರೂ ಅವನಿಗೆ ನಾನು ಕೊಟ್ಟ ಉತ್ತರವನ್ನೇ ಇಲ್ಲಿಯೂ ಬರೆಯುತ್ತೇನೆ. ಉಪವಾಸ ಬಿದ್ದವರಿದ್ದಾರೆಂದು ಹಬ್ಬದ ಅಡಿಗೆಯನ್ನು ಯಾರೂ ಪಾಪವೆನ್ನುವುದಿಲ್ಲ, ಉಪವಾಸವಿದ್ದವರಿಗೂ ಹಬ್ಬ ಬರಲಿ ಎನ್ನುತ್ತೇವೆ. ಕೂಲಿಯವಳು ತನ್ನ ಜನ್ಮದಲ್ಲಿ ಕೆಲಸಕ್ಕಾಗಿ ಸಾವಿರಾರು ಮೈಲಿ ನಡೆದಿದ್ದಾಳೆ. ಅವಳ ಮಗಳಾದರೂ ಒಂದು ಭಾನುವಾರ ಯಾವ ಕೆಲಸವೂ ಇಲ್ಲದೆ ಗುಡ್ಡ ನೋಡಲು ನಡೆಯಲಿ ಎಂದರೆ ಅದು ಮೋಜಿನ ಮಾತೇ? ಅಲ್ಲದೆ ನಾನು ಕೇಳುತ್ತಿರುವ ದಂಡೆಯ ದಾರಿಯಲ್ಲಿ ವಾರದ ಆರು ದಿನ ಹತ್ತಿ ಬಿಡಿಸಲು ಹೋಗುವವರೇ ನಡೆಯುತ್ತಾರೆ. ಇಂದು ಅವರು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಕುರಿಗಳಂತೆ ನಿಂತು ಹೆದ್ದಾರಿಯಲ್ಲಿ ಹೋಗುತ್ತಿದ್ದಾರೆ. ಅವನು ಒಪ್ಪಲಿಲ್ಲ. ವಾದ ಮುಂದುವರಿದಿದೆ.

ಬಿಸಿಲಿನ ನೆವ ಹೇಳುವವರಿಗೆ ಹೆಚ್ಚು ಹೇಳುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಮನೆಯಲ್ಲಿರಿ. ನವೆಂಬರಿನಿಂದ ಫೆಬ್ರವರಿಯವರೆಗೆ ನಾಲ್ಕು ತಿಂಗಳಿವೆ. ಮಲೆನಾಡಿನಲ್ಲಿಯೂ ಮಳೆಗಾಲದಲ್ಲಿ ಇಂಬಳ ಕಚ್ಚಿಸಿಕೊಂಡೇ ನೀವು ಬೆಟ್ಟ ಹತ್ತುತ್ತೀರಿ.

ಎಳ್ಳಮಾಸಿಗೆ ಊರಿಗೆ ಬರುವವರು ಅದರ ಹಿಂದಿನ ಭಾನುವಾರವೇ ಬನ್ನಿ. ರಾಯಚೂರಿನಿಂದ ಮಲಿಯಾಬಾದಿಗೆ ಐದಾರು ಕಿಲೋಮೀಟರು. 1520ರ ಯುದ್ಧದ ಹೊತ್ತಿಗೆ ಕೃಷ್ಣದೇವರಾಯನ ಸೈನ್ಯ ಅಲ್ಲಿಗೆ ಬಂದು ಬೀಡುಬಿಟ್ಟಿತೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಪಾಳುಬಿದ್ದ ಕೋಟೆಯಿದೆ, ಹಳೆಯ ವಿಷ್ಣು ದೇವಾಲಯದ ಅವಶೇಷಗಳಿವೆ. ಬೆಳಿಗ್ಗೆ ಆರಕ್ಕೆ ಹೊರಡೋಣ. ನಡೆಯಬಲ್ಲವರು ನಡೆಯಿರಿ, ಸೈಕಲ್ ಇದ್ದವರು ತನ್ನಿ, ಮೋಟಾರ್ ಸೈಕಲ್ ಬೇಡ. ನೀರನ್ನು ಅವರವರೇ ಹೊತ್ತು ತರಬೇಕು. ರೊಟ್ಟಿ, ಶೇಂಗಾ ಹಿಂಡಿ, ಮೊಸರು ನಮ್ಮ ಮನೆಯವು. ಎಷ್ಟು ಜನ ಬರುತ್ತೀರೆಂದು ಎರಡು ದಿನ ಮೊದಲೇ ತಿಳಿಸಿ, ರೊಟ್ಟಿ ಬಡಿಯುವವರಿಗೆ ಹೇಳಬೇಕು.